ಮರಳಿ ಓದುವವನ ಅರೆಹೊತ್ತಿನ ದುಡಿಮೆ

ಬೆಳಗಿನ ಆರು ಘಂಟೆಗೆ ಸ್ವಲ್ಪ ಮೊದಲು ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಲ್ಲಿ ನಿಂತು ನೋಡುವವರಿಗೆ ಜನರ ಎರಡು ಪ್ರವಾಹಗಳು ಕಾಣುವುವು. ರಾತ್ರಿಯ ಪಾಳಿಯನ್ನು ಮುಗಿಸಿ, ಕೆಂಪೇರಿದ ಕಣ್ಣುಗಳಿಂದ, ಖಾಲಿಯಾದ ಊಟದ ಡಬ್ಬಿಯನ್ನು ಹಿಡಿದು ಪೀಣ್ಯದ ಕಾರ್ಖಾನೆಗಳಿಂದ ಹೊರಗೆ ಬರುವವರದು ಒಂದು. ತುಂಬಿದ ಡಬ್ಬಿಯನ್ನು ಹಿಡಿದು ಒಳಗೆ ಹೋಗುವವರದು ಮತ್ತೊಂದು. ಈ ಎರಡು ಗುಂಪುಗಳಲ್ಲಿಯೂ ಡಬ್ಬಿಯ ಪಕ್ಕದಲ್ಲಿ ಪುಸ್ತಕವನ್ನೂ ಇಟ್ಟುಕೊಂಡಿರುವ ತರುಣ ತರುಣಿಯರು ಕೆಲವರಿದ್ದಾರೆ. ಒಂದು ಕಾಲದಲ್ಲಿ ಮನೆಯ ಕಷ್ಟದಿಂದಲೋ, ಪರೀಕ್ಷೆಯಲ್ಲಿ ತಪ್ಪಿದುದರಿಂದಲೋ ಶಾಲೆಯನ್ನು ಬಿಟ್ಟು, ನಾಲ್ಕಾರು ವರ್ಷ ದುಡಿದ ಮೇಲೆ, ವಿದ್ಯೆಯ ಬೆಲೆಯನ್ನು ತಾವೇ ಕಂಡುಕೊಂಡು, ಮರಳಿ ಓದಲು ಹೊರಟವರು ಇವರು. ಪ್ರಕೃತ ಲೇಖನವು ಇವರನ್ನೂ, ಇವರ ಮನೆಯ ಹಿರಿಯರನ್ನೂ ಕುರಿತದ್ದು.

ಇವರ ಮುಂದಿರುವ ತೊಡಕನ್ನು ಗೃಹಸ್ಥರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸಂಬಳವನ್ನು ಬಿಟ್ಟರೆ ಬಾಡಿಗೆ, ದಿನಸಿ, ವಿದ್ಯುತ್ತಿನ ಬಿಲ್ಲು, ಊರಿಗೆ ಕಳುಹಿಸುವ ಹಣ ಇವುಗಳಲ್ಲಿ ಯಾವುದೂ ನಿಲ್ಲುವುದಿಲ್ಲ. ಸಂಬಳವನ್ನು ಹಿಡಿದುಕೊಂಡರೆ ಓದು ನಿಲ್ಲುವುದು. ಈ ಎರಡರ ನಡುವೆ ಇರುವ ದಾರಿಯೆಂದರೆ ಅರೆಹೊತ್ತಿನ ಕೆಲಸ. ಆ ದಾರಿಯನ್ನು ಹಿಡಿಯುವವರು ಅನೇಕರಾದರೂ ಕಡೆಯವರೆಗೆ ನಡೆಯುವವರು ಕೆಲವರೇ. ಅದಕ್ಕೆ ಕಾರಣವು ಅವರ ಬುದ್ಧಿಯ ಕೊರತೆಯೆಂದಾಗಲಿ ಸೋಮಾರಿತನವೆಂದಾಗಲಿ ನಾನು ಈಗ ನಂಬುವುದಿಲ್ಲ. ಹಿಂದೆ ನಂಬಿದ್ದೆ, ಆ ನಂಬಿಕೆಯಿಂದ ಒಬ್ಬ ಹುಡುಗನಿಗೆ ಕೆಡುಕನ್ನೂ ಮಾಡಿದೆ. ಆ ಸಂಗತಿಯನ್ನು ಮೊದಲು ಹೇಳುವುದು ನ್ಯಾಯ.

ಅದಕ್ಕೆ ಮುಂಚೆ ಸ್ಥಳದ ವಿಷಯವಾಗಿ ನಾಲ್ಕು ಮಾತು. ಬೆಂಗಳೂರಿನ ಈ ಉತ್ತರ ಭಾಗದಲ್ಲಿ 1953ರಲ್ಲಿ ಎಚ್.ಎಂ.ಟಿ. ಸಂಸ್ಥೆಯೂ, 1954ರಲ್ಲಿ ಬಿ.ಇ.ಎಲ್. ಸಂಸ್ಥೆಯೂ ಹುಟ್ಟಿದುವು. ಯಂತ್ರಗಳನ್ನೇ ನಿರ್ಮಿಸುವ ಯಂತ್ರಗಳೂ, ವಿದ್ಯುನ್ಮಾನ ಉಪಕರಣಗಳೂ ಇಲ್ಲಿ ತಯಾರಾಗತೊಡಗಿದ ಮೇಲೆ ಅವುಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಳೂ ಬೆಳೆದುವು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವು ರೂಪುಗೊಂಡಿತು. ಇಂದು ಅದು ದೇಶದ ದೊಡ್ಡ ಕೈಗಾರಿಕಾ ವಸಾಹತುಗಳಲ್ಲಿ ಒಂದು. ಲೇತು, ಮಿಲ್ಲಿಂಗು, ಗ್ರೈಂಡಿಂಗು, ಎಲೆಕ್ಟ್ರೋಪ್ಲೇಟಿಂಗು, ಬಣ್ಣದ ಲೇಪ, ಉಡುಪಿನ ಹೊಲಿಗೆ ಮೊದಲಾದ ನಾನಾ ಕಸುಬುಗಳು ಅಲ್ಲಿ ನಡೆಯುವುವು. ದೊಡ್ಡ ಕಂಪನಿಗಳಿಗಿಂತಲೂ ಐದು ಹತ್ತು ಯಂತ್ರಗಳನ್ನಿಟ್ಟುಕೊಂಡು ‘ಜಾಬ್ ವರ್ಕ್’ ಮಾಡುವ ಸಣ್ಣ ಯಜಮಾನರ ಶೆಡ್ಡುಗಳೇ ಕಣ್ಣಿಗೆ ಹೆಚ್ಚಾಗಿ ಬೀಳುವುವು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಪ್ರಯೋಜನವುಂಟು.

ನನ್ನಲ್ಲಿ ಸಂಸ್ಕೃತವನ್ನು ಓದಿದ ಹುಡುಗನೊಬ್ಬನು ಪಿ.ಯು.ಸಿ.ಯಲ್ಲಿ ವಾಣಿಜ್ಯ ವಿಷಯವನ್ನು ತೆಗೆದುಕೊಂಡು ತೇರ್ಗಡೆಯಾದ ವರ್ಷವೇ ಅವನ ತಂದೆ ತೀರಿಕೊಂಡರು. ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಿ.ಎನ್.ಸಿ. ಯಂತ್ರವನ್ನು ನಡೆಸುವುದನ್ನು ಕಲಿತು, ಮೂರು ವರ್ಷ ದುಡಿದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನನ್ನ ಬಳಿಗೆ ಬಂದನು. “ಮೇಷ್ಟ್ರೇ, ಬಿ.ಕಾಂ. ಓದಬೇಕೂಂತ ಆಸೆ. ಕೆಲಸ ಬಿಟ್ಟರೆ ಅಮ್ಮನಿಗೆ ಕಷ್ಟ. ಏನು ಮಾಡಲಿ?” ಎಂದು ಕೇಳಿದನು. ನಾನು ಬಹಳ ವಿಚಾರಮಾಡಲಿಲ್ಲ. “ರಾತ್ರಿ ಪಾಳಿಗೆ ಹಾಕಿಸಿಕೊ, ಹಗಲು ಕಾಲೇಜಿಗೆ ಹೋಗು. ವಿದ್ಯಾರ್ಥಿಗೆ ನಿದ್ರೆ ಎಷ್ಟು ಬೇಕು?” ಎಂದುಬಿಟ್ಟೆ. ಹಾಗೆ ಹೇಳಿದಾಗ ನನಗೆ ನನ್ನ ಮಾತು ಬಹಳ ಗಂಭೀರವಾಗಿಯೂ ಆರ್ಷವಾಗಿಯೂ ಕೇಳಿಸಿತು.

ಹುಡುಗನು ಗುರುವಾಕ್ಯವನ್ನು ಚಾಚೂ ತಪ್ಪದೆ ನಡೆಸಿದನು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಯಂತ್ರದ ಮುಂದೆ; ಒಂಬತ್ತರಿಂದ ತರಗತಿಯ ಬೆಂಚಿನ ಮೇಲೆ. ಮೊದಲನೆಯ ತಿಂಗಳು ಉತ್ಸಾಹವೇ ಅವನನ್ನು ಎಚ್ಚರವಾಗಿಟ್ಟಿತು. ಎರಡನೆಯ ತಿಂಗಳು ಚಹಾ. ಮೂರನೆಯ ತಿಂಗಳಲ್ಲಿ ಯಾವುದೂ ನಡೆಯಲಿಲ್ಲ. ತರಗತಿಯಲ್ಲಿ ತೂಕಡಿಸುವನೆಂದು ಅಲ್ಲಿ ಬೈಗಳು, ಕೆಲಸದಲ್ಲಿ ಮಂಕಾದನೆಂದು ಇಲ್ಲಿ ಬೈಗಳು. ಒಂದು ರಾತ್ರಿ ನಾಲ್ಕು ಘಂಟೆಯ ಸುಮಾರಿಗೆ ಯಂತ್ರಕ್ಕೆ ಕೊಡಬೇಕಾದ ಅಂಕಿಯಲ್ಲಿ ಒಂದು ಸೊನ್ನೆ ತಪ್ಪಿತು. ಟೂಲು ತಿರುಗುತ್ತಿದ್ದ ಚಕ್ಕಿಗೆ ಬಡಿದು ಸಿಡಿಯಿತು. ಯಂತ್ರದ ಬಾಗಿಲು ಮುಚ್ಚಿದ್ದುದರಿಂದ ಅವನ ಕಣ್ಣು ಉಳಿಯಿತು. ಸಂಬಳದಲ್ಲಿ ನಷ್ಟವನ್ನು ಹಿಡಿದರು. ಆ ಸೆಮಿಸ್ಟರಿನಲ್ಲಿ ಎರಡು ವಿಷಯಗಳು ಹೋದುವು. ಅವನು ಕಾಲೇಜನ್ನು ಬಿಟ್ಟನು; ನನಗೆ ಮುಖ ತೋರಿಸುವುದಕ್ಕೆ ನಾಚಿಕೊಂಡು ನಮ್ಮ ಬೀದಿಗೆ ಬರುವುದನ್ನೂ ಬಿಟ್ಟನು. ನಾಚಬೇಕಾದವನು ನಾನು.

ನಾನು ಮಾಡಿದ ತಪ್ಪು ಯಾವುದು? ಹಣವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡೆ. ಸಂಬಳ ಪೂರ್ತಿಯಾಗಿ ಬರುವುದು, ಹಗಲು ಪೂರ್ತಿಯಾಗಿ ಉಳಿಯುವುದು, ಇನ್ನೇನು ಬೇಕು ಎಂದುಕೊಂಡೆ. ಉಳಿದ ಹಗಲಿನಲ್ಲಿ ಓದುವುದಕ್ಕೆ ಶಕ್ತಿ ಉಳಿದಿರುವುದೋ ಇಲ್ಲವೋ ಎಂಬುದನ್ನು ನೋಡಲಿಲ್ಲ. ವಿದ್ಯಾರ್ಥಿಯು ದುಡಿಯಬೇಕಾದಾಗ ಮೊದಲು ಎಣಿಸಬೇಕಾದುದು ಸಂಬಳವನ್ನಲ್ಲ, ಸಮಯವನ್ನು. ಅದಕ್ಕಿಂತಲೂ ಮೊದಲು ಎಣಿಸಬೇಕಾದುದು, ಆ ಸಮಯದಲ್ಲಿ ಉಳಿದಿರುವ ಬಲವನ್ನು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಮಿಕ್ಕುದೆಲ್ಲ ಇದರ ವಿವರಣೆ.

ನಮ್ಮ ಹಿಂದಿನವರು ಈ ವಿಷಯದಲ್ಲಿ ನನಗಿಂತ ವಿವೇಕಿಗಳಾಗಿದ್ದರು. ಗುರುಕುಲದಲ್ಲಿ ಬ್ರಹ್ಮಚಾರಿಗೆ ಭಿಕ್ಷಾಚರ್ಯೆಯನ್ನು ವಿಧಿಸಿದ್ದರಲ್ಲವೆ? ಅನ್ನವನ್ನು ತಾನೇ ಸಂಪಾದಿಸಿಕೊಳ್ಳುವುದು ವಿದ್ಯಾರ್ಥಿಧರ್ಮಕ್ಕೆ ಸೇರಿದುದು, ಅದರಲ್ಲಿ ನಾಚಿಕೆಯಿಲ್ಲ ಎಂಬುದೇ ಅದರ ತಾತ್ಪರ್ಯ. ಆದರೆ ಆ ಕೆಲಸಕ್ಕೆ ಹೊತ್ತು ಗೊತ್ತು. ಹೊಟ್ಟೆಗೆ ಬೇಕಾದುದು ದೊರೆತ ಕೂಡಲೆ ಅದು ಮುಗಿಯಿತು. ಛಾಂದೋಗ್ಯೋಪನಿಷತ್ತಿನ ಸತ್ಯಕಾಮ ಜಾಬಾಲನಿಗೆ ಗುರುವು ನಾನೂರು ಬಡಕಲು ಹಸುಗಳನ್ನು ಕಾಯುವುದಕ್ಕೆ ಒಪ್ಪಿಸಿದ ಕಥೆಯನ್ನು ಅನೇಕರು ಬಲ್ಲರು. ಅವು ಸಾವಿರವಾಗುವವರೆಗೆ ಅವನು ಅಡವಿಯಲ್ಲಿದ್ದನು. ಆದರೆ ಆ ದನಕಾಯುವ ಕೆಲಸದ ನಡುವೆಯೇ ಎತ್ತು, ಅಗ್ನಿ, ಹಂಸ, ನೀರುಹಕ್ಕಿ ಇವುಗಳಿಂದ ಅವನಿಗೆ ಉಪದೇಶವೂ ದೊರೆಯಿತು. ಕೆಲಸವೇ ಪಾಠವಾಗುವುದಾದರೆ ಅದು ಓದಿನ ಶತ್ರುವಲ್ಲ.

ಹತ್ತಿರದ ಕಾಲಕ್ಕೆ ಬರೋಣ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರನ್ನು ಮೈಸೂರು ಸೀಮೆಯ ಹಳೆಯ ಮನೆಗಳು ಇನ್ನೂ ಮರೆತಿಲ್ಲ. ಮುದ್ದೇನಹಳ್ಳಿಯ ಬಾಲಕ ಎಂ. ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿ ತಮ್ಮ ವೆಚ್ಚವನ್ನು ನಿರ್ವಹಿಸಿಕೊಂಡರು. ಇದು 1880ರ ಸುಮಾರಿನ ಮಾತು. ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ಸೋಡಾ ಕಾರ್ಖಾನೆಯ ಕೆಲಸವನ್ನೂ, ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕೆಲಸವನ್ನೂ ಕಂಡವರು. ದುಡಿಮೆಯ ಜೊತೆಯಲ್ಲಿಯೇ ವಿದ್ವಾಂಸರ ಬಳಿ ಕುಳಿತು ಶಾಸ್ತ್ರಗಳನ್ನು ಓದಿದವರು. ಅವರಿಗೆ ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಗೌರವ ಡಿ.ಲಿಟ್. ಪದವಿಯನ್ನು ಕೊಟ್ಟಿತು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರವೂ, ಅವರ ಹೆಸರಿನ ಉಚಿತ ವಿದ್ಯಾರ್ಥಿನಿಲಯವೂ, ತುಮಕೂರಿನ ಸಿದ್ಧಗಂಗಾ ಮಠದ ಅನ್ನದಾಸೋಹವೂ ಇದೇ ತೊಡಕಿಗೆ ಸಮಾಜವು ಕಂಡುಕೊಂಡ ಪರಿಹಾರಗಳು. ಬಡ ವಿದ್ಯಾರ್ಥಿಯ ಹೊಟ್ಟೆಯ ಚಿಂತೆಯನ್ನು ಇಳಿಸಿದರೆ ಅವನ ಹೊತ್ತು ಓದಿಗೆ ಉಳಿಯುವುದೆಂಬುದನ್ನು ಆ ಪುಣ್ಯಾತ್ಮರು ಬಲ್ಲವರಾಗಿದ್ದರು.

ಇನ್ನು ಹುಡುಗನ ಕಥೆಗೆ ಬರುವೆನು. ನಾಲ್ಕು ವರ್ಷಗಳ ಮೇಲೆ ಅವನು ತಾಯಿಯೊಡನೆ ಒಂದು ಭಾನುವಾರ ನಮ್ಮ ಮನೆಗೆ ಬಂದನು. “ಇನ್ನೊಂದು ಸಲ ನೋಡ್ತೀನಿ, ಮೇಷ್ಟ್ರೇ” ಎಂದನು. ಈ ಸಲ ನಾನು ಉಪದೇಶ ಮಾಡಲಿಲ್ಲ. ಒಂದು ಹಾಳೆಯನ್ನೂ ಪೆನ್ಸಿಲನ್ನೂ ತಂದು ಜಗಲಿಯ ಮೇಲೆ ಕುಳಿತೆ. “ತಿಂಗಳಿಗೆ ನಿನಗೆ ಎಷ್ಟು ಬೇಕು? ಸಂಬಳ ಎಷ್ಟು ಎಂದು ಕೇಳುತ್ತಿಲ್ಲ; ಎಷ್ಟು ಬೇಕು?” ಎಂದು ಕೇಳಿದೆ. ಅವನಿಗೆ ಉತ್ತರ ತಿಳಿದಿರಲಿಲ್ಲ. ನಮ್ಮಲ್ಲಿ ಬಹುಮಂದಿಗೆ ತಿಳಿದಿರುವುದಿಲ್ಲ.

ಒಂದೊಂದಾಗಿ ಬರೆದೆವು. ಲಗ್ಗೆರೆಯಲ್ಲಿ ಗೆಳೆಯನೊಡನೆ ಹಂಚಿಕೊಂಡ ಕೋಣೆಯ ಬಾಡಿಗೆಯಲ್ಲಿ ಅವನ ಪಾಲು 3,000 ರೂಪಾಯಿ. ಊಟ ತಿಂಡಿಗೆ 4,500. ಓಡಾಟಕ್ಕೆ 1,500. ಫೋನು, ಸೋಪು, ಕ್ಷೌರ ಇತ್ಯಾದಿ 500. ಕಾಲೇಜಿನ ಶುಲ್ಕವನ್ನೂ ಪುಸ್ತಕದ ಬೆಲೆಯನ್ನೂ ವರ್ಷಕ್ಕೆ ಹಂಚಿದರೆ ತಿಂಗಳಿಗೆ 1,000. ತಾಯಿಗೆ ಕಳುಹಿಸುವುದು 5,000. ಒಟ್ಟು 15,500. ಅಷ್ಟರಲ್ಲಿ, ಅದುವರೆಗೆ ಸುಮ್ಮನೆ ಕುಳಿತಿದ್ದ ಆ ತಾಯಿ ಬಾಯಿಬಿಟ್ಟರು: “ಸ್ವಾಮಿ, ನನಗೆ ಐದು ಸಾವಿರ ಬೇಕೂಂತ ನಾನು ಯಾವತ್ತೂ ಕೇಳಿಲ್ಲ. ಅವನೇ ಕಳಿಸ್ತಾನೆ. ಎರಡು ಸಾವಿರ ಸಾಕು, ಓದೋವರೆಗೆ.” ಮಗನು ತಲೆತಗ್ಗಿಸಿದನು. ಮೂರು ಸಾವಿರ ರೂಪಾಯಿಗಾಗಿ ಅವನು ಮಾಡುತ್ತಿದ್ದ ದುಡಿಮೆಯು ತಾಯಿ ಕೇಳಿದುದಲ್ಲ. ಕೇಳಬಹುದೆಂದು ಅವನು ಊಹಿಸಿದುದು. ಒಂದೇ ಮನೆಯವರು ಒಬ್ಬರೊಬ್ಬರ ಮೇಲಿನ ಪ್ರೀತಿಯಿಂದಲೇ ಹಣದ ಮಾತನ್ನು ಆಡದೆ, ಹೀಗೆ ಎಷ್ಟು ಓದುಗಳನ್ನು ನಿಲ್ಲಿಸಿರುವರೋ!

ಈಗ ಬೇಕಾದುದು 12,500 ಆಯಿತು. ಪೀಣ್ಯದ ಎರಡನೆಯ ಹಂತದಲ್ಲಿ ಜಾಬ್ ವರ್ಕಿನ ಸಣ್ಣ ಶೆಡ್ಡೊಂದರ ಯಜಮಾನರಿಗೆ ಇವನ ಪರಿಚಯವಿದ್ದಿತು. ಹಿಂದೆ ನಾನು ನೆನಪಿನಲ್ಲಿಡಿರೆಂದ ಸಂಗತಿಯು ಇಲ್ಲಿ ಉಪಯೋಗಕ್ಕೆ ಬರುವುದು. ಇಂತಹ ಶೆಡ್ಡುಗಳಲ್ಲಿ ಯಂತ್ರವನ್ನು ಬಲ್ಲ ಜನರಿರುತ್ತಾರೆ. ಕಾಗದಪತ್ರವನ್ನು ಬಲ್ಲವರು ಕಡಮೆ. ದಿನವಿಡೀ ಕುಳಿತಿರುವ ಗುಮಾಸ್ತೆಗೆ ಪೂರ್ತಿ ಸಂಬಳವನ್ನು ಕೊಡುವಷ್ಟು ಲೆಕ್ಕವೂ ಅಲ್ಲಿರುವುದಿಲ್ಲ. ಆದರೆ 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಕಾಗದದ ಕೆಲಸವನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಕಂಪನಿಯಿಂದ ಬಂದ ಕಬ್ಬಿಣದ ಸರಕು ಯಾವ ಡೆಲಿವರಿ ಚಲನ್ನಿನಲ್ಲಿ ಬಂದಿತು, ಯಾವ ಚಲನ್ನಿನಲ್ಲಿ ಹಿಂದಿರುಗಿತು ಎಂಬುದನ್ನು ಬರೆದಿಡಬೇಕು. ಜಾಬ್ ವರ್ಕಿಗೆಂದು ಕಳುಹಿಸಿದ ಕಚ್ಚಾಸರಕು ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂದಿರುಗಬೇಕೆಂಬುದು ನಿಯಮ. ತಿಂಗಳ ಲೆಕ್ಕ ಕೊಡುವವರು 11ನೆಯ ತಾರೀಖಿನೊಳಗೆ ಮಾರಾಟದ ವಿವರವನ್ನೂ, 20ನೆಯ ತಾರೀಖಿನೊಳಗೆ ತೆರಿಗೆಯ ಲೆಕ್ಕವನ್ನೂ ಒಪ್ಪಿಸಬೇಕು. ಆ ಯಜಮಾನರಿಗೆ ಬೆಳಗಿನ ಹೊತ್ತು ಚಲನ್ನು, ಬಿಲ್ಲು, ದಾಸ್ತಾನು ಪುಸ್ತಕ ಇವುಗಳನ್ನು ನೋಡಿಕೊಳ್ಳುವ, ಯಂತ್ರದ ಭಾಷೆಯೂ ತಿಳಿದ ಒಬ್ಬನು ಬೇಕಾಗಿದ್ದನು. ನಮ್ಮ ಹುಡುಗನಿಗೆ ಎರಡೂ ತಿಳಿದಿದ್ದುವು.

ಘಂಟೆಗೆ 90 ರೂಪಾಯಿ ಎಂದು ಗೊತ್ತಾಯಿತು. ಬೆಳಗ್ಗೆ ಎಂಟರಿಂದ ಒಂದರವರೆಗೆ ಐದು ಘಂಟೆ; ತಿಂಗಳಿಗೆ 26 ದಿನ; ಒಟ್ಟು 130 ಘಂಟೆಗೆ 11,700 ರೂಪಾಯಿ. ಬೇಕಾದುದಕ್ಕಿಂತ 800 ಕಡಮೆ. ಮೂರು ವರ್ಷದ ಓದಿಗೆ ಈ ಕೊರತೆಯು 28,800 ಆಗುವುದು. ಅವನ ಬಳಿ ಉಳಿತಾಯವು 42,000 ಇದ್ದಿತು. ಕೊರತೆಯನ್ನು ತುಂಬಿದ ಮೇಲೂ ಕಾಯಿಲೆ ಕಸಾಲೆಗೆಂದು 13,200 ಉಳಿಯುವುದು. ಹಾಳೆಯ ಕೆಳಗೆ ಗೆರೆಯೆಳೆದಾಗ ಅವನ ಮುಖದಲ್ಲಿ ಮೂಡಿದ ಶಾಂತಿಯನ್ನು ನಾನು ಯಾವ ಪರೀಕ್ಷೆಯ ಫಲಿತಾಂಶದ ದಿನವೂ ಕಂಡಿರಲಿಲ್ಲ. ಅಂಕಿಗಳು ಮನೆಮನೆಗೆ ಬೇರೆಯಾಗುವುವು. ಲೆಕ್ಕದ ಕ್ರಮವು ಮಾತ್ರ ಒಂದೇ. ಮೊದಲು ವೆಚ್ಚ, ಅನಂತರ ಅದರಲ್ಲಿ ಕಡಮೆಮಾಡಬಹುದಾದುದು, ಅನಂತರ ಕೊರತೆ, ಕಟ್ಟಕಡೆಗೆ ಆ ಕೊರತೆಯನ್ನು ತುಂಬುವಷ್ಟೇ ಕೆಲಸ. ಕೊರತೆಗಿಂತ ಹೆಚ್ಚಾಗಿ ದುಡಿಯುವ ವಿದ್ಯಾರ್ಥಿಯು ತನ್ನ ಓದನ್ನು ಘಂಟೆಗೆ ತೊಂಬತ್ತು ರೂಪಾಯಿಗೆ ಮಾರಿಕೊಳ್ಳುವನು.

ಎಲ್ಲರಿಗೂ ಇಂತಹ ಶೆಡ್ಡು ದೊರೆಯುವುದಿಲ್ಲವೆಂದು ವಾಚಕರು ಹೇಳಬಹುದು, ನಿಜವೇ. ಆದುದರಿಂದ ಕೆಲಸವನ್ನು ಹುಡುಕುವವರಿಗೆ ಮೂರು ಪ್ರಶ್ನೆಗಳನ್ನು ಸೂಚಿಸುವೆನು. ಒಂದನೆಯದು, ಈ ಕೆಲಸದ ಹೊತ್ತು ಗೊತ್ತಾಗಿರುವುದೆ? ಈ ವಾರ ಬೆಳಗಿನ ಪಾಳಿ, ಮುಂದಿನ ವಾರ ರಾತ್ರಿಯ ಪಾಳಿ ಎಂದು ತಿರುಗುವ ಕೆಲಸವು ಎಷ್ಟೇ ಸಂಬಳ ಕೊಟ್ಟರೂ ವಿದ್ಯಾರ್ಥಿಗೆ ಸಲ್ಲದು. ಎರಡನೆಯದು, ಕೆಲಸ ಮುಗಿದ ಮೇಲೆ ಎರಡು ಘಂಟೆ ಓದುವಷ್ಟು ಬಲ ಉಳಿಯುವುದೆ? ಮೂರನೆಯದು, ಈ ಕೆಲಸದಿಂದ ನಾನು ಓದುವ ವಿಷಯಕ್ಕೆ ಏನಾದರೂ ಸಹಾಯ ಒದಗುವುದೆ? ಮೂರಕ್ಕೂ ಹೌದೆಂದರೆ ಅದು ಉತ್ತಮ. ಮೊದಲೆರಡಕ್ಕೆ ಹೌದೆಂದರೆ ಮಧ್ಯಮ. ಮೊದಲೆರಡರಲ್ಲಿ ಯಾವುದೊಂದಕ್ಕೆ ಇಲ್ಲವೆಂದರೂ ಅದನ್ನು ಬಿಡತಕ್ಕದ್ದು.

ಈ ಒರೆಗಲ್ಲಿಗೆ ಪರಿಚಿತವಾದ ಕೆಲವು ಕೆಲಸಗಳನ್ನು ತಿಕ್ಕಿ ನೋಡೋಣ. ಸಂಜೆ ಒಂದೆರಡು ಘಂಟೆ ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳುವುದು ಬಹಳ ಹಳೆಯದು, ಇಂದಿಗೂ ಮೇಲಾದುದು. ಹೇಳಿಕೊಡುವವನಿಗೆ ತನ್ನ ಪಾಠವೂ ಗಟ್ಟಿಯಾಗುವುದು. ಔಷಧದ ಅಂಗಡಿ, ಪುಸ್ತಕದ ಅಂಗಡಿ, ಜೆರಾಕ್ಸ್ ಅಂಗಡಿ ಇವುಗಳಲ್ಲಿ ಗೊತ್ತಾದ ಹೊತ್ತಿನ ಕೆಲಸವು ಮಧ್ಯಮ. ಮೋಟಾರು ಸೈಕಲ್ಲಿನಲ್ಲಿ ಊಟವನ್ನೂ ಪೊಟ್ಟಣಗಳನ್ನೂ ತಲಪಿಸುವ ಕೆಲಸವು ಬೇಕೆಂದಾಗ ಹಿಡಿದು ಬೇಡವೆಂದಾಗ ಬಿಡಬಹುದಾದುದೆಂದು ತರುಣರನ್ನು ಸೆಳೆಯುವುದು. ಆದರೆ ಹೆಚ್ಚು ಹಣ ಬರುವುದು ರಾತ್ರಿಯ ಊಟದ ಹೊತ್ತಿನಲ್ಲಿ, ಮಳೆಯಲ್ಲಿ, ಹಬ್ಬದಲ್ಲಿ. ಪೆಟ್ರೋಲು, ಗಾಡಿಯ ಸವಕಳಿ ಇವನ್ನು ಕಳೆದ ಮೇಲೆ ಉಳಿಯುವುದೆಷ್ಟೆಂಬುದನ್ನು ಲೆಕ್ಕಹಾಕಿಯೇ ಒಪ್ಪಬೇಕು. ಇಂತಹ ಕೆಲಸಗಾರರ ಕ್ಷೇಮಕ್ಕಾಗಿ ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾಯಿದೆಯಾಗಿದೆ; ಕಂಪನಿಗಳಿಂದ ಶುಲ್ಕವನ್ನು ಪಡೆದು ಕ್ಷೇಮನಿಧಿಯನ್ನು ಸ್ಥಾಪಿಸುವುದು ಅದರ ಉದ್ದೇಶ. ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಾರ್ಖಾನೆಗಳಲ್ಲಿ ವೇತನಸಹಿತ ಶಿಕ್ಷಣವುಂಟು. ಅದು ಅರೆಹೊತ್ತಿನದಲ್ಲವಾದರೂ, ಕೆಲಸವೇ ಪಾಠವಾಗಿರುವುದರಿಂದ ಕೆಲವರಿಗೆ ಅದೇ ಉಚಿತವಾದೀತು.

ಎಚ್ಚರಿಕೆಯ ಮಾತುಗಳೂ ಕೆಲವುಂಟು. ಕೆಲಸ ಕೊಡಿಸುವೆನೆಂದು ಮುಂಗಡವಾಗಿ ಹಣವನ್ನು ಕೇಳುವವನಿಗೆ ಒಂದು ಕಾಸನ್ನೂ ಕೊಡಕೂಡದು. ಫೋನಿನಲ್ಲಿ “ಮನೆಯಲ್ಲೇ ಕುಳಿತು ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ” ಎಂದು ಬರುವ ಕರೆಗಳಲ್ಲಿ, ಮೊದಲು ನೂರಿನ್ನೂರು ರೂಪಾಯಿ ಕೊಟ್ಟು ನಂಬಿಕೆ ಹುಟ್ಟಿಸಿ, ಅನಂತರ ಠೇವಣಿಯೆಂದು ಸಾವಿರಾರು ರೂಪಾಯಿಗಳನ್ನು ಎಳೆದುಕೊಳ್ಳುವ ಮೋಸವು ಬಹಳವಾಗಿದೆ. ಮೋಸಹೋದವರು ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಬೇಕು. ಮೂಲ ಅಂಕಪಟ್ಟಿಗಳನ್ನು ಯಾವ ಯಜಮಾನನ ಬಳಿಯಲ್ಲಿಯೂ ಒತ್ತೆಯಾಗಿ ಬಿಡಬಾರದು; ನಕಲು ಸಾಕು. ಕಾರ್ಖಾನೆಯ ಕೆಲಸಕ್ಕೆ ವಾರಕ್ಕೆ 48 ಘಂಟೆಯ ಮಿತಿಯೆಂಬುದೂ, ಮಿತಿಯನ್ನು ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯೆಂಬುದೂ 1948ರ ಕಾರ್ಖಾನೆಗಳ ಕಾಯಿದೆಯ ಕಾಲದಿಂದ ಬಂದ ತತ್ತ್ವ. ಇ.ಎಸ್.ಐ. ಅನ್ವಯಿಸುವ ಕಡೆ, 2019ರ ಜುಲೈಯಿಂದ ನೂರು ರೂಪಾಯಿ ಕೂಲಿಗೆ ಕೆಲಸಗಾರನದು 75 ಪೈಸೆ, ಯಜಮಾನನದು 3 ರೂಪಾಯಿ 25 ಪೈಸೆ ಸೇರುವುದು. ಅದರಿಂದ ಕಾಯಿಲೆಯಲ್ಲಿ ಚಿಕಿತ್ಸೆ ದೊರೆಯುವುದು. ಅರೆಹೊತ್ತಿನವನೆಂಬ ಕಾರಣದಿಂದ ಇದನ್ನು ಬೇಡವೆನ್ನದೆ, ಕೆಲಸಕ್ಕೆ ಸೇರುವ ದಿನವೇ ವಿಚಾರಿಸಿಕೊಳ್ಳಬೇಕು. ಪರೀಕ್ಷೆಯ ದಿನಗಳಲ್ಲಿ ರಜೆ ಬೇಕೆಂಬುದನ್ನೂ ಆ ದಿನವೇ ಹೇಳಿ ಒಪ್ಪಿಸಿಕೊಳ್ಳಬೇಕು. ನಮ್ಮ ಹುಡುಗನು ಪರೀಕ್ಷೆಯ ವೇಳಾಪಟ್ಟಿಯನ್ನು ಯಜಮಾನರ ಮೇಜಿನ ಮೇಲಿನ ಗೋಡೆಗೇ ಅಂಟಿಸಿರುವನಂತೆ!

ಮರಳಿ ಓದುವುದಕ್ಕೆ ಇರುವ ದಾರಿಗಳನ್ನೂ ಇಲ್ಲಿ ಸಂಗ್ರಹಿಸಿ ಹೇಳುವುದು ಉಚಿತ. ಏಕೆಂದರೆ ಕೆಲಸದ ಹೊತ್ತು ಓದಿನ ಹೊತ್ತಿಗೆ ಹೊಂದಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ನಿಶ್ಚಯಿಸುವುದು ಅಸಾಧ್ಯ. ಎಸ್.ಎಸ್.ಎಲ್.ಸಿ.ಯನ್ನೇ ಮುಗಿಸದವರು ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆಗೆ ಕುಳಿತುಕೊಳ್ಳಬಹುದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು 1989ರಲ್ಲಿ ಸ್ಥಾಪಿತವಾದುದು. ಅದರ ಮಾಧ್ಯಮಿಕ ಪರೀಕ್ಷೆಗೆ 14 ವರ್ಷ ತುಂಬಿದ್ದರೆ ಸಾಕು, ಮೇಲಿನ ವಯೋಮಿತಿಯಿಲ್ಲ. ಒಮ್ಮೆ ಹೆಸರನ್ನು ನೋಂದಾಯಿಸಿದರೆ ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳು ದೊರೆಯುವುವು. ಒಂದೊಂದೇ ವಿಷಯವನ್ನು ಮುಗಿಸುತ್ತ ಹೋಗಬಹುದು. ಪಾಳಿಯ ಕೆಲಸಗಾರನಿಗೆ ಇದಕ್ಕಿಂತ ದಯೆಯುಳ್ಳ ಪರೀಕ್ಷೆ ಬೇರೊಂದು ಕಾಣೆ. ಪದವಿಗೆ ಸಂಜೆಯ ಕಾಲೇಜುಗಳುಂಟು. ದೂರಶಿಕ್ಷಣಕ್ಕೆ 1985ರಲ್ಲಿ ಸ್ಥಾಪಿತವಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಇವೆ. ಎರಡನೆಯದಕ್ಕೆ 2013–14ನೆಯ ಸಾಲಿನಿಂದ ಕೆಲವು ವರ್ಷ ಯು.ಜಿ.ಸಿ. ಮಾನ್ಯತೆ ತಪ್ಪಿ 2018ರಲ್ಲಿ ಮತ್ತೆ ದೊರೆಯಿತು. ಆದುದರಿಂದ ದೂರಶಿಕ್ಷಣವನ್ನು ಎಲ್ಲಿ ಪಡೆಯುವುದಾದರೂ, ತಾನು ಸೇರುವ ವರ್ಷಕ್ಕೆ, ತಾನು ಸೇರುವ ವಿಷಯಕ್ಕೆ ಮಾನ್ಯತೆಯುಂಟೆ ಎಂಬುದನ್ನು ಯು.ಜಿ.ಸಿ. ಪ್ರಕಟಿಸುವ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟತಕ್ಕದ್ದು.

ಸ್ತ್ರೀಯರ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಪೀಣ್ಯದ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ, ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟು ಬಂದವರು ಅನೇಕರಿದ್ದಾರೆ. ಗಂಡಸಿಗೆ ಕಾರ್ಖಾನೆಯ ದುಡಿಮೆ ಮುಗಿದರೆ ಮುಗಿಯಿತು. ಅವರಿಗೆ ಬೆಳಗಿನ ಒಲೆ, ಸಂಜೆಯ ಪಾತ್ರೆ, ಮಗುವಿನ ಪಾಠ ಎಂದು ಸಂಬಳವಿಲ್ಲದ ಮತ್ತೊಂದು ಪಾಳಿಯು ಕಾದಿರುವುದು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರ ಪ್ರಯಾಣದ ವೆಚ್ಚ ಉಳಿಯಿತು. ಆದರೆ ಅವರ ಹೊತ್ತನ್ನು ಉಳಿಸಿಕೊಡುವ ಯೋಜನೆಯನ್ನು ಸರ್ಕಾರವು ಮಾಡಲಾರದು, ಮನೆಯವರೇ ಮಾಡಬೇಕು. ಮನೆಯ ಸೊಸೆಯೋ ಮಗಳೋ ಮರಳಿ ಓದುವೆನೆಂದರೆ, “ಓದಿಕೋ ತಾಯಿ, ಬೇಡವೆಂದವರಾರು?” ಎಂದು ಹರಸಿದಷ್ಟರಿಂದ ಸಾಲದು. ಸಂಜೆಯ ಅಡಿಗೆಯನ್ನು ವಾರಕ್ಕೆ ಮೂರು ದಿನ ಬೇರೊಬ್ಬರು ಮಾಡಿದರೆ ಅದು ನಿಜವಾದ ಆಶೀರ್ವಾದ. ಈ ಮಾತನ್ನು ಬರೆಯುವವನು ಅರುವತ್ತನೆಯ ವಯಸ್ಸಿನಲ್ಲಿ ಸಾರು ಮಾಡುವುದನ್ನು ಕಲಿತವನೆಂಬುದನ್ನು ವಾಚಕರು ಬಲ್ಲವರಾಗಲಿ.

ಹಿರಿಯರಿಗೆ ಮತ್ತೊಂದು ಬಿನ್ನಹ. ಇಪ್ಪತ್ತೈದು ಮೂವತ್ತು ವಯಸ್ಸಿನವನು ಪುಸ್ತಕ ಹಿಡಿದರೆ, “ಇನ್ನು ಓದಿ ಏನಾಗಬೇಕು? ಮದುವೆಯ ವಯಸ್ಸು ಮೀರುತ್ತಿದೆ” ಎಂಬ ಮಾತು ನಮ್ಮ ಬಾಯಿಂದ ಸುಲಭವಾಗಿ ಹೊರಡುವುದು. ಚಿಕ್ಕವನು ಓದುವುದು ಅನೇಕವೇಳೆ ನಮ್ಮ ಭಯಕ್ಕಾಗಿ. ದುಡಿದು ಬಂದವನು ಓದುವುದು ತನ್ನ ಹಸಿವಿಗಾಗಿ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು. ಎರಡನೆಯ ಬಗೆಯ ವಿದ್ಯಾರ್ಥಿಯ ಕಣ್ಣಿನಲ್ಲಿ ಕಾಣುವ ಬೆಳಕು ಮೊದಲನೆಯವನಲ್ಲಿ ಅಪರೂಪವೆಂದು ಅನುಭವದಿಂದ ಹೇಳಬಲ್ಲೆನು. ಅದನ್ನು ನಮ್ಮ ಮಾತಿನಿಂದ ಆರಿಸದಿರೋಣ.

ನಮ್ಮ ಹುಡುಗನು ಈಗ ಐದನೆಯ ಸೆಮಿಸ್ಟರಿನಲ್ಲಿದ್ದಾನೆ. ಮಧ್ಯಾಹ್ನ ಒಂದಕ್ಕೆ ಶೆಡ್ಡಿನಿಂದ ಹೊರಟು, ಊಟಮಾಡಿ, ಒಂದು ಘಂಟೆ ಮಲಗಿ, ನಾಲ್ಕೂವರೆಯವರೆಗೆ ಓದಿ, ಪೀಣ್ಯದ ನಿಲ್ದಾಣದಲ್ಲಿ ಮೆಟ್ರೋ ಹತ್ತುವನು. ಮೆಜೆಸ್ಟಿಕ್ಕಿನಲ್ಲಿ ಹಸುರು ದಾರಿಯನ್ನು ಬಿಟ್ಟು ನೇರಳೆಯ ದಾರಿಗೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಅವನು ಇಳಿಯಬೇಕಾದುದು. ಅದರ ಹೆಸರು ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು. ಪರರ ಮಕ್ಕಳಿಗೆ ಪಾಠ ಹೇಳಿ ಓದಿದ ಆ ಬಾಲಕನ ಹೆಸರಿನ ಮೆಟ್ಟಿಲುಗಳನ್ನು ಇವನು ದಿನವೂ ಸಂಜೆ ಹತ್ತುವನು. ನಾನು ಇದನ್ನು ಹೇಳಿದಾಗ, “ಅದನ್ನೆಲ್ಲ ಯೋಚಿಸೋಕೆ ಎಲ್ಲಿ ಹೊತ್ತು, ಮೇಷ್ಟ್ರೇ? ಐದೂವರೆಗೆ ಹಾಜರಿ” ಎಂದು ನಕ್ಕನು.

ಮೊನ್ನೆ ಕಾಸ್ಟ್ ಅಕೌಂಟಿಂಗ್ ಪಾಠದಲ್ಲಿ ಅಧ್ಯಾಪಕರು ‘ಜಾಬ್ ಕಾಸ್ಟಿಂಗ್’ ಎಂಬ ಪ್ರಕರಣವನ್ನು ಆರಂಭಿಸಿದರಂತೆ. ಒಂದು ಬಿಡಿಭಾಗವನ್ನು ತಯಾರಿಸಲು ಬಿದ್ದ ಸರಕಿನ ಬೆಲೆ, ಕೂಲಿ, ಯಂತ್ರದ ಹೊತ್ತು ಇವುಗಳನ್ನು ಕೂಡಿಸುವ ಕ್ರಮವದು. ಉದಾಹರಣೆ ಕೊಡುವವರು ಯಾರೆಂದು ಕೇಳಿದಾಗ ಇವನು ಎದ್ದುನಿಂತು, ಆ ಬೆಳಗ್ಗೆ ತಾನೇ ಬರೆದುಬಂದ ಚಲನ್ನಿನ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದನಂತೆ. ಹಿಂದೆ ತರಗತಿಯಲ್ಲಿ ತೂಕಡಿಸುತ್ತಿದ್ದವನೂ ಇವನೇ. ಬುದ್ಧಿಯು ಅದೇ, ಬದಲಾದುದು ಹೊತ್ತಿನ ಲೆಕ್ಕ.

ಅಂದು ನಮ್ಮ ಜಗಲಿಯಲ್ಲಿ ಬರೆದ ಹಾಳೆಯನ್ನು ಅವನು ಮಡಿಸಿ ಪುಸ್ತಕದಲ್ಲಿಟ್ಟುಕೊಂಡಿದ್ದಾನೆ. ಮನೆಯಲ್ಲಿ ಮರಳಿ ಓದಬೇಕೆಂಬ ಮಗನೋ ಮಗಳೋ ಸೊಸೆಯೋ ಇರುವ ವಾಚಕರು, ಮುಂದಿನ ಭಾನುವಾರ ಊಟವಾದ ಮೇಲೆ, ಮನೆಯವರೆಲ್ಲರೂ ಕುಳಿತು ಅಂತಹದೊಂದು ಹಾಳೆಯನ್ನು ಬರೆಯಲಿ. ಅದಕ್ಕೆ ಬೇಕಾದುದು ಒಂದು ಪೆನ್ಸಿಲು, ಅರ್ಧ ಘಂಟೆಯ ಹೊತ್ತು. ಅದರ ಜೊತೆಗೆ, ಹಣದ ಮಾತನ್ನು ನಾಚಿಕೆಯಿಲ್ಲದೆ ಆಡುವ ಪ್ರೀತಿ.